ಟವರೂ ತವರೂ

ಮಿರಜದಿಂದ ಬೆಳಗಾವಿಯತ್ತ ಹೊರಟ ರೈಲಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪನ್ನಿರಿಸಿ, ಮೊಬೈಲಿನ ಹಾಟ್‌ಸ್ಪಾಟಿನಿಂದ ಅದಕ್ಕೆ ಇಂಟರ್ನೆಟ್ಟನ್ನು ಒದಗಿಸಿಕೊಂಡು ಕುಳಿತಿದ್ದ ನನಗೆ, ಶೇಡಬಾಳದಲ್ಲಿ ಇಳಿಯಲಿದ್ದ ಹಿರಿಯರೊಬ್ಬರು ತಮ್ಮ ಮೊಬೈಲಿನ ಮೇಲಿದ್ದ ರೋಮಿಂಗಿನ ಗುರುತನ್ನು ತೋರಿಸಿ, "ಊರು ನಮ್ಮದು ಬಂದ್ರೂ ರೇಂಜ್ ಇನ್ನೂ ಅವರದ ಐತಿ ನೋಡ್ರಿ" ಎಂದರು. ದೂರು ಸಕಾರಣವಾದುದೇ, ಆದರೆ ದೋಷವು ಟವರಿನದಲ್ಲ, ಮೊಬೈಲಿನ ಸ್ವಭಾವದ್ದು.

ವಿದ್ಯುತ್ಕಾಂತ ತರಂಗಗಳಿಗೆ ಗಡಿಗಲ್ಲು ಕಾಣದು. ದೂರಸಂಪರ್ಕದ ಪರವಾನಗಿಗಳಿಗಾದರೋ ಕರ್ನಾಟಕದ್ದೊಂದು ವೃತ್ತ, ಮಹಾರಾಷ್ಟ್ರದ್ದು ಇನ್ನೊಂದು. ಆದಕಾರಣ ಭಾರತಕ್ಕೆ ಸಲ್ಲುವ 404, 405 ಎಂಬ ಸಂಖ್ಯೆಗಳ ಬಳಿಕ ಪ್ರತಿಯೊಂದು ಜಾಲಕ್ಕೂ ಅದರದೇ ಅಂಕ ಸೇರಿ, ಬಿಎಸ್ಎನ್ಎಲ್ ಕರ್ನಾಟಕದಲ್ಲಿ 404-71 ಎಂದೂ ಮಹಾರಾಷ್ಟ್ರದಲ್ಲಿ 404-66 ಎಂದೂ ಗುರುತಾಗಿರಲು, ಪ್ರತಿಯೊಂದು ಟವರೂ ಈ ಗುರುತನ್ನು ಎಡೆಬಿಡದೆ ಸಾರುತ್ತಿರುತ್ತದೆ. ಕಾಗವಾಡದ ಹೊಲಗಳಿಗೆ ಮ್ಹೈಸಾಳದ ಕಡೆಯ ಸಾರಿಕೆಯೂ, ನಿಪ್ಪಾಣಿಯಾಚೆಯ ಕೊಗನೊಳ್ಳಿಗೆ ಕಾಗಲದ ಕಡೆಯದೂ ಕೇಳಿಸುವುದು ಸಹಜ.

ಇಂಥ ಗೊಂದಲದಲ್ಲಿ ಮೊಬೈಲಿಗೆ ಪ್ರಮಾಣವಾಗುವುದು ಸಿಮ್ಮಿನೊಳಗೆ ಬರೆದಿಟ್ಟ ತವರಿನ ಅಂಕ. ಸ್ವಿಚ್ ಒತ್ತಿದೊಡನೆ ಅದು ಕಡೆಯ ಬಾರಿ ತಂಗಿದ್ದ ಜಾಲವನ್ನು ಅರಸುವುದು, ದೊರೆಯದಿರೆ ತವರನ್ನು, ಅದೂ ಇಲ್ಲದಿರೆ ಸಿಮ್ಮಿನ ಪಟ್ಟಿಯಲ್ಲಿರುವ ಬಂಧುಗಳನ್ನು, ಕಟ್ಟಕಡೆಗೆ, ಬಲವಾಗಿ ಕೇಳಿಸುವ ಉಳಿದವುಗಳಲ್ಲಿ ಚೀಟಿ ಎತ್ತಿದಂತೆ ಒಂದನ್ನು. ಸ್ವದೇಶದಲ್ಲಿಯೇ ಪರಜಾಲದಲ್ಲಿ ತಂಗಿರುವಾಗ ಆಗಾಗ ತವರನ್ನು ಹುಡುಕಿ ನೋಡಬೇಕೆಂಬ ವಿಧಿಯೂ ಉಂಟು. ಅದರ ಅವಧಿಯನ್ನು ಸಿಮ್ಮು 6 ನಿಮಿಷದಿಂದ 8 ಗಂಟೆಯೊಳಗೆ ಗೊತ್ತುಪಡಿಸುತ್ತದೆ. ಏನನ್ನೂ ಬರೆದಿಲ್ಲವಾದರೆ 60 ನಿಮಿಷ. ಹುಡುಕಾಟವೆಲ್ಲ ಬ್ಯಾಟರಿಯನ್ನು ತಿನ್ನುವುದರಿಂದ ಈ ನಿಧಾನ. ಮಾತು ನಡೆದಿರುವಾಗಲಂತೂ ಹುಡುಕಾಟವೇ ಇಲ್ಲ. 2015ರ ಜೂನ್ 15ರಿಂದ ಬಿಎಸ್ಎನ್ಎಲ್ ಒಳಬರುವ ಕರೆಗಳ ರೋಮಿಂಗ್ ಶುಲ್ಕವನ್ನು ಬಿಟ್ಟುಕೊಡುವವರೆಗೆ, ಈ ನಿಧಾನಕ್ಕೆ ಗಡಿಯವರು ದುಡ್ಡನ್ನೇ ತೆರಬೇಕಾಗಿತ್ತು.

ಒಂದೇ ಜಾಲದ ಎರಡು ಟವರುಗಳ ನಡುವೆಯೂ ಇಂಥದೇ ಸಂಕೋಚ. ಹೊಸದು ಹಳೆಯದಕ್ಕಿಂತ ಕೆಲವು ಡೆಸಿಬೆಲ್ಲುಗಳಷ್ಟು ಮೇಲಾಗಿ, ಆ ಮೇಲ್ಮೆಯು ಗೊತ್ತಾದ ಕಾಲ ನಿಂತ ಹೊರತು ಮೊಬೈಲು ಕದಲದು. ಹಾಗಿಲ್ಲದಿದ್ದರೆ, ಅಥಣಿಯ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಅಡ್ಡ ಹಾಯ್ದಾಗಲೆಲ್ಲ ಅದು ಅತ್ತಿಂದಿತ್ತ ಜಿಗಿಯುತ್ತಲೇ ಇದ್ದೀತು. ಇದನ್ನು ಹಠವೆಂದು ಬೈಯುವವರುಂಟು. ನನಗಾದರೋ ಇದು ವಿವೇಕವಾಗಿಯೇ ತೋರುತ್ತದೆ.

ಬಿಡದೆ ಹಿಡಿದ ಟವರು ದೂರವಾದಂತೆ ಮಾತಿನ ರೀತಿಯನ್ನೇ ಬದಲಿಸಿಕೊಳ್ಳುವುದು ಎರಡನೆಯ ಉಪಾಯ. ಸಂಕೇತವು ಮೈನಸ್ 80ರಿಂದ ಮೈನಸ್ 110 ಡೆಸಿಬೆಲ್ಲಿಗೆ ಇಳಿದುದೆಂದರೆ ಅದರ ಶಕ್ತಿ ಸಾವಿರದ ಒಂದು ಪಾಲಾದಂತೆ. ಕೃಷ್ಣೆಯ ಆಚೆ ದಡದವನನ್ನು ಕೂಗುವವನು ಪದಗಳನ್ನು ಬಿಡಿಬಿಡಿಯಾಗಿ ನುಡಿಯುವಂತೆ, 4ಜಿ ಜಾಲವೂ ಒಂದೊಂದು ತರಂಗಸಂಕೇತದಲ್ಲಿ 6 ಬಿಟ್ಟುಗಳನ್ನು ತುಂಬುತ್ತಿದ್ದುದನ್ನು 4ಕ್ಕೂ, ಮತ್ತೆ 2ಕ್ಕೂ ಇಳಿಸುತ್ತದೆ. ವೇಗ ಕುಂದಿದರೂ ಮಾತು ತಲುಪುತ್ತದೆ.

ಲ್ಯಾಪ್‌ಟಾಪಿಗೆ ಈ ಯಾವ ಕಷ್ಟವೂ ತಿಳಿಯದು. ಕೇಬಲು, ವೈಫೈ ಎರಡೂ ಇದ್ದಲ್ಲಿ ಕಡಿಮೆ ಅಂಕ ಕೊಟ್ಟಿರುವ ದಾರಿಯನ್ನು ಅದು ಹಿಡಿಯುತ್ತದೆ. ದಾರಿಯ ಹದವನ್ನಾದರೋ, ಕಳುಹಿಸಿದ ಪೊಟ್ಟಣಗಳಿಗೆ ಮರಳುವ ರಸೀದಿಗಳಿಂದಲೇ ಊಹಿಸುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ನೆರೆಹೊರೆಯ ಎರಡು ಸಂಸ್ಥೆಗಳ ನಡುವಣ ವೇಗವು ದಟ್ಟಣೆಯಿಂದ ಸೆಕೆಂಡಿಗೆ 32,000 ಬಿಟ್ಟಿನಿಂದ 40ಕ್ಕೆ ಕುಸಿದಾಗ, ವ್ಯಾನ್ ಜೇಕಬ್ಸನ್ ಅದಕ್ಕೆ ಪರಿಹಾರವನ್ನು ಹುಡುಕಿ 1988ರಲ್ಲಿ ಪ್ರಕಟಿಸಿದರು: ರಸೀದಿ ಬಂದಂತೆ ಮೆಲ್ಲಗೆ ಏರಿಸು, ಪೊಟ್ಟಣ ಕಳೆಯಿತೆಂದರೆ ಥಟ್ಟನೆ ಇಳಿಸು. ತಂತಿಯ ಕಾಲದ ಈ ನಿಯಮವು ರೈಲಿನಲ್ಲಿ ಮೋಸಹೋಗುವುದುಂಟು. ಗಾಳಿಯಲ್ಲಿ ಕಳೆದ ಪೊಟ್ಟಣವನ್ನೂ ಅದು ದಟ್ಟಣೆಯ ಗುರುತೆಂದೇ ಎಣಿಸಿ, ಸುಮ್ಮನೆ ನಡೆಯನ್ನು ತಗ್ಗಿಸುತ್ತದೆ.

ಶೇಡಬಾಳ ಸಮೀಪಿಸುವಾಗ ಹಿರಿಯರಿಗೆ ಮನೆಯಿಂದ ಕರೆ ಬಂದಿತು. ಚೀಲವನ್ನು ಹೆಗಲಿಗೇರಿಸಿ, "ಬಂದೆ, ಇಳ್ಯಾಕತ್ತೀನಿ" ಎನ್ನುತ್ತ ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಅವರ ಕಿವಿಯಲ್ಲಿದ್ದ ಮೊಬೈಲು, ಆ ಮಾತು ಮುಗಿಯುವವರೆಗೆ ತನ್ನ ತವರನ್ನು ಹುಡುಕುವಂತಿರಲಿಲ್ಲ.