ಪರದೇಶದಿಂದ ಸ್ವಂತ ಉಪಯೋಗಕ್ಕೆ ಹೂ ತರುವವರು ತಿಳಿಯತಕ್ಕ ವಿಷಯಗಳು
(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಜಮೀನುದಾರರ ಮತ್ತು ಗ್ರಾಮ ಮುಖಂಡರ ತಿಳಿವಳಿಕೆಗಾಗಿ)

ಈ ಎರಡು ತಾಲ್ಲೂಕುಗಳಲ್ಲಿ ಮಕ್ಕಳು ಪರದೇಶಗಳಲ್ಲಿ ಉದ್ಯೋಗದಲ್ಲಿರುವ ಮನೆತನಗಳುಂಟು. ಮದುವೆ, ಗೃಹಪ್ರವೇಶ ಮೊದಲಾದ ಶುಭಕಾರ್ಯಗಳಿಗೆ ಬರುವಾಗ ಅಲ್ಲಿಯ ಹೂಗಳನ್ನು ಜೊತೆಯಲ್ಲಿ ತರಲು ಅವರು ಅಪೇಕ್ಷಿಸುವುದು ಸಹಜ. ಇದಕ್ಕೆ ಸರ್ಕಾರದ ಅಡ್ಡಿಯಿಲ್ಲ. ಆದರೆ ಅನುಮತಿಯಿರುವುದು ಕೊಯ್ದ ಹೂವಿಗೇ ಹೊರತು ಗಿಡಕ್ಕಲ್ಲವೆಂಬುದನ್ನು ಮೊದಲು ಮನಗಾಣತಕ್ಕದ್ದು.

ಬೆಳೆಗಳಿಗೆ ಹಾನಿಮಾಡುವ ಕೀಟಗಳನ್ನೂ ರೋಗಗಳನ್ನೂ ತಡೆಯುವುದಕ್ಕಾಗಿ 1914ರಲ್ಲಿ ಹಿಂದೂದೇಶದಲ್ಲಿ ಒಂದು ಕಾಯಿದೆಯಾಯಿತು. ಅದರ ಮೇರೆಗೆ ಭಾರತ ಸರ್ಕಾರದವರು 2003ರಲ್ಲಿ ಹೊರಡಿಸಿದ ಸಸ್ಯ ಕ್ವಾರಂಟೈನ್ ಆಜ್ಞೆಯು 2004ನೆಯ ಇಸವಿಯ ಜನವರಿ 1ರಿಂದ ಜಾರಿಗೆ ಬಂದಿತು. ಕ್ವಾರಂಟೈನ್ ಎಂದರೆ ಹೊರಗಿನ ಸಸ್ಯವಸ್ತುವನ್ನು ದೇಶದ ಬಾಗಿಲಲ್ಲಿಯೇ ತಡೆದು ಪರೀಕ್ಷಿಸುವ ಏರ್ಪಾಡು. ಸಾಧಾರಣವಾಗಿ ಇಂಥ ವಸ್ತುಗಳಿಗೆ ನಮ್ಮ ಸರ್ಕಾರದ ಆಮದು ಪರವಾನಗಿಯೂ, ಕಳುಹಿಸುವ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಇರಬೇಕು. ಸ್ವಂತಕ್ಕೆ ತರುವ, 2 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಬಿಡಿಹೂ, ಹಾರ, ಹೂಗುಚ್ಛಗಳಿಗೆ ಈ ಎರಡು ಪತ್ರಗಳು ಬೇಕಿಲ್ಲ. ಪರೀಕ್ಷೆ ಮಾತ್ರ ತಪ್ಪದು. ಬೆಂಗಳೂರಿನಲ್ಲಾಗಲಿ ಮುಂಬಯಿಯಲ್ಲಾಗಲಿ ವಿಮಾನದಿಂದಿಳಿದೊಡನೆ ಹೂವಿರುವುದನ್ನು ಸುಂಕದ ಅಧಿಕಾರಿಗಳಿಗೆ ತಾವಾಗಿಯೇ ತಿಳಿಸಿ, ಕಟ್ಟನ್ನು ಬಿಚ್ಚಿ ತೋರಿಸತಕ್ಕದ್ದು. ಶುಭಕಾರ್ಯಕ್ಕೆ ಈ ತೂಕ ಸಾಲದೆನ್ನುವವರಿಗೆ, ನಮ್ಮ ಸೇವಂತಿಗೆ ಮಲ್ಲಿಗೆಗಳಿಗೇನೂ ಬರ ಬಂದಿಲ್ಲವೆಂದು ಜ್ಞಾಪಿಸಬೇಕಾಗಿದೆ.

ಬೇರು, ಗೆಡ್ಡೆ, ಬೀಜ, ನೆಡುವ ಕಡ್ಡಿ ಇವುಗಳಿಗೆ ಮೇಲಿನ ರಿಯಾಯಿತಿ ಸಲ್ಲದು. ಬೇರಿಗಂಟಿದ ಮಣ್ಣಂತೂ ನಿಷಿದ್ಧ. ಹೂವಿನ ಹೆಸರಿನಲ್ಲಿ ತಂದ ಗುಲಾಬಿಯ ಅಥವಾ ಸೇವಂತಿಗೆಯ ಕಡ್ಡಿಯನ್ನು ಮನೆಗೆ ಬಂದಮೇಲೆ ನೆಟ್ಟು ಚಿಗುರಿಸುವುದು ಆಜ್ಞೆಯ ಉದ್ದೇಶಕ್ಕೆ ನೇರವಾಗಿ ವಿರುದ್ಧವಾದುದು. ಟೊಮಾಟೊ, ಹುರುಳಿಕಾಯಿ, ಸೌತೆಗಳ ಎಲೆಯೊಳಗೆ ಬಿಳಿಯ ಗೆರೆಗಳನ್ನು ಕೊರೆಯುವ ರಂಗೋಲಿ ಹುಳುವನ್ನು ರೈತರು ಬಲ್ಲರು. ಅದು 1990ರ ಸುಮಾರಿನಲ್ಲಿ ಸೇವಂತಿಗೆಯ ಕಡ್ಡಿಗಳೊಡನೆ ಈ ದೇಶಕ್ಕೆ ಬಂದಿತೆಂದು ತಜ್ಞರು ಊಹಿಸುತ್ತಾರೆ. ತರುವವನ ಕಣ್ಣಿಗೆ ಎಲೆಯೊಳಗಿನ ಮರಿಹುಳು ಕಾಣುವಂತಿಲ್ಲ. ಪರೀಕ್ಷೆಯ ಅವಶ್ಯಕತೆ ಇರುವುದು ಇದರಿಂದಲೇ.

ಇನ್ನು ಕೆರೆಗಳ ಮಾತು. ನಸುನೇರಿಳೆ ಹೂವಿನ ಅಂದಕ್ಕೆ ಮೆಚ್ಚಿ 19ನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದ ಒಂದು ನೀರುಗಿಡವು, ದಕ್ಷಿಣ ಅಮೆರಿಕದ ಮೂಲದ್ದು, ಇಂದು ದೇಶದ ಉದ್ದಗಲಕ್ಕೂ ಕೆರೆಗಳನ್ನು ಮುಚ್ಚಿದೆ. ನಮ್ಮವರು ಅಂತರಗಂಗೆ ಎಂದು ಕರೆಯುವ ಕಳೆಗಳಲ್ಲಿ ಇದೂ ಒಂದು. ಅನುಕೂಲವಾದ ನೀರಿನಲ್ಲಿ ಎರಡು ವಾರಗಳಲ್ಲಿಯೇ ಇಮ್ಮಡಿಯಾಗುತ್ತದೆ. ಬೀಜವು ಕೆಸರಿನಲ್ಲಿ ಅನೇಕ ವರ್ಷ ಜೀವದಿಂದಿರುತ್ತದೆ. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಮೇಲಿನ ಕೆರೆ ಕೋಡಿಬಿದ್ದರೆ ನೀರು ಕೆಳಗಿನ ಕೆರೆಗೆ ಸೇರುವುದುಂಟು. ಆದುದರಿಂದ ಒಂದು ಊರಿನವರು ಹೂವಿನ ಆಸೆಗೆ ಬಿಟ್ಟ ಗಿಡವು ಮಳೆಗಾಲದಲ್ಲಿ ಇನ್ನೊಂದೂರಿನ ತೂಬಿಗೆ ಅಡ್ಡವಾಗಿ, ಅಲ್ಲಿಯ ಗದ್ದೆಗಳಿಗೆ ನೀರಿಲ್ಲದಂತಾಗಬಹುದು.

ಕಾರ್ಯ ಮುಗಿದ ಬಳಿಕ ಪರದೇಶದ ಹೂಗಳನ್ನು ಕೆರೆಗೂ ಹಳ್ಳಕ್ಕೂ ತಿಪ್ಪೆಗೂ ಎಸೆಯದೆ, ಒಣಗಿಸಿ ಸುಡುವುದು ಲೇಸು. ಅಡಿಕೆಯ ತೋಟದಲ್ಲಿ ಆಂಥೂರಿಯಂ ಮುಂತಾದ ಹೂಬೆಳೆ ಇಟ್ಟಿರುವವರು ಅಂಥ ಹೂಗುಚ್ಛವನ್ನು ತೋಟದೊಳಕ್ಕೆ ಒಯ್ಯದಿರತಕ್ಕದ್ದು. ಹೊಸ ಜಾತಿಯ ಗಿಡವೇ ಬೇಕೆನ್ನುವವರು, ಅದು ಅಲ್ಲಿಂದ ಹೊರಡುವುದಕ್ಕೆ ಮುಂಚೆಯೇ ಸಸ್ಯ ಕ್ವಾರಂಟೈನ್ ಅಧಿಕಾರಿಗಳಿಗೆ ಅರ್ಜಿಯನ್ನು ಸಲ್ಲಿಸಿ ಪರವಾನಗಿಯನ್ನು ಪಡೆಯತಕ್ಕದ್ದು.