ಕಿಲೋಮೀಟರ್ ಎಣಿಸಿದರೆ ಡೆಲಿವರಿ ದರ ಸಿಕ್ಕೀತೇ?

ಹಪ್ಪಳ, ಉಪ್ಪಿನಕಾಯಿ, ಕೇಕ್ ಮಾಡಿ ಆನ್‌ಲೈನ್‌ನಲ್ಲಿ ಮಾರುವವರು ಈಗ ಊರೂರಲ್ಲೂ ಇದ್ದಾರೆ. ವೆಬ್‌ಸೈಟ್ ಮಾಡಿಸುವಾಗ ಅವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಡೆಲಿವರಿಗೆ ಕಿಲೋಮೀಟರಿಗೆ ಇಷ್ಟು ಅಂತ ಹಾಕಿಬಿಡಿ, ಮುಗೀತು.’ ಮುಗಿಯುವುದಿಲ್ಲ. ತಕರಾರು ಶುರುವಾಗುವುದೇ ಅಲ್ಲಿಂದ.

ತಪ್ಪು ಕಲ್ಪನೆ: ನಕ್ಷೆಯಲ್ಲಿ ಅಂಗಡಿಯ ಸುತ್ತ ಒಂದು ವೃತ್ತ ಎಳೆದರೆ ಸಾಕು.

ಸತ್ಯ: ವೃತ್ತಕ್ಕೆ ಗೊತ್ತಿರುವುದು ನೇರ ಗೆರೆಯ ದೂರ ಮಾತ್ರ. ಸ್ಕೂಟರ್ ಓಡುವುದು ರಸ್ತೆಯ ಮೇಲೆ. ಮಂಗಳೂರಿನ ಬಂದರಿನಲ್ಲಿ ನಿಮ್ಮ ಅಂಗಡಿ ಇದೆ ಎಂದುಕೊಳ್ಳಿ. ಗುರುಪುರ ನದಿಯ ಆಚೆ ದಡದಲ್ಲೇ ಬೆಂಗ್ರೆ; ನಿಂತಲ್ಲಿಂದಲೇ ಮನೆಗಳು ಕಾಣುತ್ತವೆ, ಫೆರಿ ಹತ್ತಿದರೆ ಕೆಲವೇ ನಿಮಿಷ. ಸ್ಕೂಟರಿನಲ್ಲಾದರೆ ಕೂಳೂರು ಸೇತುವೆ ದಾಟಿ, ತಣ್ಣೀರುಬಾವಿಯ ಕಡೆಯಿಂದ ಇಳಿದು ಬರಬೇಕು. ಹತ್ತು ಕಿಲೋಮೀಟರಿಗೂ ಮಿಕ್ಕ ಸುತ್ತು! ವೃತ್ತವನ್ನು ನಂಬಿ ದರ ಹಾಕಿದವರು ಪೆಟ್ರೋಲಿಗೆ ಕೈಯಿಂದ ತೆರಬೇಕು.

ರಸ್ತೆಯ ದೂರವೇ ಬೇಕೆಂದರೆ ಗೂಗಲ್ ಮ್ಯಾಪ್ಸ್‌ನಂಥ ಸೇವೆಯನ್ನು ಜೋಡಿಸಬೇಕು. ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶವಾದ ವೂಕಾಮರ್ಸ್‌ನಲ್ಲಿ ಇದು ತಾನಾಗಿ ಬರುವುದಿಲ್ಲ. ಅದರ ಶಿಪ್ಪಿಂಗ್ ಝೋನ್‌ಗಳು ದೇಶ, ರಾಜ್ಯ, ಪಿನ್‌ಕೋಡ್ ನೋಡುತ್ತವೆಯೇ ಹೊರತು ಕಿಲೋಮೀಟರನ್ನಲ್ಲ. ಬೇರೆ ಪ್ಲಗಿನ್ ಬೇಕು. ಅದನ್ನು ಹಾಕಿದ ಮೇಲೂ ವಿಳಾಸದ ಪಜೀತಿ ತಪ್ಪದು. ‘5ನೇ ಕ್ರಾಸ್, 2ನೇ ಮೇನ್’ ಬೆಂಗಳೂರಿನ ಎಷ್ಟು ಬಡಾವಣೆಗಳಲ್ಲಿಲ್ಲ? ‘ಗಣಪತಿ ದೇವಸ್ಥಾನದ ಹಿಂದೆ’ ಎಂದರೆ ಪೋಸ್ಟ್‌ಮ್ಯಾನ್‌ಗೆ ತಿಳಿದೀತು, ಯಾವ ಗಣಪತಿ ಎಂದು ನಕ್ಷೆಗೆ ತಿಳಿಯಬೇಕಲ್ಲ! ಗ್ರಾಹಕರೇ ನಕ್ಷೆಯ ಮೇಲೆ ಮನೆ ಗುರುತಿಸಲಿ. ಗುರುತಿಸದಿದ್ದರೆ ಪಿನ್‌ಕೋಡಿನ ದರ ತಾನಾಗಿ ಬರುವಂತಿರಲಿ.

ತಪ್ಪು ಕಲ್ಪನೆ: ಪಿನ್‌ಕೋಡ್ ಹತ್ತಿರವಿದ್ದರೆ ಜಾಗವೂ ಹತ್ತಿರ.

ಸತ್ಯ: ಯಲಹಂಕದ್ದು 560064, ವೈಟ್‌ಫೀಲ್ಡಿನದು 560066. ನಡುವೆ ಇಡೀ ಬೆಂಗಳೂರಿನ ಟ್ರಾಫಿಕ್ಕು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಇರುವುದು ಅಂಚೆ ವಿಂಗಡಣೆಗೆ, ದೂರ ಅಳೆಯಲಿಕ್ಕಲ್ಲ. ಪಿನ್‌ಕೋಡ್‌ಗಳನ್ನು ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಸಾಲಾಗಿ ತುಂಬಬೇಡಿ; ಒಂದೊಂದನ್ನೇ ನೋಡಿ ಗುಂಪು ಮಾಡಿ.

ತಪ್ಪು ಕಲ್ಪನೆ: ಕಿಲೋಮೀಟರಿಗೆ ಒಂದೇ ದರ ಇಟ್ಟರೆ ನ್ಯಾಯ.

ಸತ್ಯ: ಬೆಂಗಳೂರಿನ ಆಟೋ ಮೀಟರ್ ನೋಡಿ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಅರ್ಧ ಕಿ.ಮೀ. ಹೋದರೂ ಕನಿಷ್ಠ ದರ ಕೊಡಲೇಬೇಕು. ಡೆಲಿವರಿಯದೂ ಇದೇ ಲೆಕ್ಕ. ಪ್ಯಾಕಿಂಗ್, ಹುಡುಗ ಅಂಗಡಿಗೆ ಬರುವುದು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕಾಯುವುದು – ಇವಕ್ಕೂ ದೂರಕ್ಕೂ ಸಂಬಂಧವಿಲ್ಲ. ಒಂದು ಕನಿಷ್ಠ ದರ, ಅದರ ಮೇಲೆ ಎರಡೋ ಮೂರೋ ಹಂತ ಇಟ್ಟರೆ ನಿಮಗೂ ನಷ್ಟವಿಲ್ಲ, ಗ್ರಾಹಕರಿಗೂ ಲೆಕ್ಕ ಅರ್ಥವಾಗುತ್ತದೆ. ಪೈಸೆ ಪೈಸೆ ಲೆಕ್ಕ ಹಾಕುವ ಸೂತ್ರಕ್ಕಿಂತ ಇದೇ ವಾಸಿ ಎಂದು ನನ್ನ ಅಭಿಪ್ರಾಯ.

ಊರಾಚೆಗೆ ಕೊರಿಯರ್ ಮಾಡುವವರಿಗಂತೂ ದೂರಕ್ಕಿಂತ ಡಬ್ಬಿಯ ಗಾತ್ರವೇ ಹೆಚ್ಚು ಕಾಡುತ್ತದೆ. ಹಲಸಿನ ಹಪ್ಪಳದ ಒಂದು ಪೆಟ್ಟಿಗೆ: ಉದ್ದ 40, ಅಗಲ 30, ಎತ್ತರ 30 ಸೆಂ.ಮೀ. ಗುಣಿಸಿ, ಕೊರಿಯರ್‌ನವರು ಸಾಮಾನ್ಯವಾಗಿ ಬಳಸುವ 5000ದಿಂದ ಭಾಗಿಸಿದರೆ ಗಾತ್ರದ ಲೆಕ್ಕದ ತೂಕ 7.2 ಕೆ.ಜಿ. ತಕ್ಕಡಿಯಲ್ಲಿ 3 ಕೆ.ಜಿ. ತೂಗಿದರೂ ಬಿಲ್ಲು 7.2 ಕೆ.ಜಿ.ಗೇ, ಎರಡರಲ್ಲಿ ಹೆಚ್ಚಿನದಕ್ಕೆ. ಪೆಟ್ಟಿಗೆ ಚಿಕ್ಕದು ಮಾಡಿ. ದರ ಇಳಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ.

ಡೆಲಿವರಿ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂಬ ಮಾತೂ ಕೇಳಿಬರುತ್ತದೆ. ನೋಂದಣಿಯಿರುವ ಅಂಗಡಿಯೇ ತಲುಪಿಸಿಕೊಡುವುದಾದರೆ ಆ ಶುಲ್ಕವೂ ಮಾರಾಟದ ಮೌಲ್ಯಕ್ಕೆ ಸೇರುತ್ತದೆ. ಸಾಮಾನ್ಯವಾಗಿ ವಸ್ತುವಿಗೆಷ್ಟೋ ಶುಲ್ಕಕ್ಕೂ ಅಷ್ಟೇ ತೆರಿಗೆ.

ದರ ಎಷ್ಟೇ ಇರಲಿ, ವಸ್ತುವಿನ ಪುಟದಲ್ಲೇ ಪಿನ್‌ಕೋಡ್ ಹಾಕಿ ನೋಡಿಕೊಳ್ಳುವ ಜಾಗ ಕೊಡಿ. ದುಡ್ಡು ಕಟ್ಟುವ ಹೊತ್ತಿಗೆ ಧುತ್ತೆಂದು ಎದುರಾಗುವ ಶುಲ್ಕಕ್ಕೆ ಯಾರೂ ಖುಷಿಯಿಂದ ಒಪ್ಪುವುದಿಲ್ಲ.