ಏನೆಂದರೆ ಮತ್ತು ಏಕೆಂದರೆ

ಬೇಗೂರಿನಿಂದ ಬೆಳಿಗ್ಗೆ ಹೊಸೂರು ರಸ್ತೆ ಕಡೆ ಹೊರಟವರಿಗೆ ತಡವಾಗಲು ಕಾರಣಗಳಿಗೇನೂ ಕೊರತೆಯಿಲ್ಲ. ಬೊಮ್ಮನಹಳ್ಳಿ ಸಿಗ್ನಲ್ಲು, ಮಳೆ, ಬಾರದ ಬಸ್ಸು. ಕಷ್ಟ ಇರುವುದು ಆ ಕಾರಣವನ್ನು ಇಂಗ್ಲಿಷಿನಲ್ಲಿ ಬರೆಯುವಾಗ. ನಮ್ಮ ಪಿ.ಜಿ.ಯಲ್ಲಿ ಇಂಟರ್ನ್‌ಶಿಪ್‌ಗೆ ಹೋಗುವವರು, ಕೆಲಸ ಹುಡುಕುವವರು ಕಳಿಸುವ ಮೇಲ್‌ಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ‘ದ ರೀಸನ್ ಫಾರ್ ದ ಡಿಲೇ ಈಸ್ ಬಿಕಾಸ್ ಆಫ್ ಟ್ರಾಫಿಕ್’.

ಇದರಲ್ಲಿ ತಪ್ಪೇನು? ವ್ಯಾಕರಣ ಪುಸ್ತಕ ಬದಿಗಿಡಿ, ವಾಕ್ಯವನ್ನು ಕನ್ನಡಕ್ಕೆ ತನ್ನಿ. ‘ತಡವಾಗಲು ಕಾರಣ ಏಕೆಂದರೆ ಬಸ್ಸು ಕೆಟ್ಟಿತ್ತು.’ ಅನ್ನದಲ್ಲಿ ಕಲ್ಲು ಸಿಕ್ಕಂತಾಗುವುದಿಲ್ಲವೇ? ನಾವು ಹೇಳುವುದು ‘ಕಾರಣ ಏನೆಂದರೆ ಬಸ್ಸು ಕೆಟ್ಟಿತ್ತು’ ಅಥವಾ ‘ತಡವಾಯಿತು, ಏಕೆಂದರೆ ಬಸ್ಸು ಕೆಟ್ಟಿತ್ತು’. ಎರಡರಲ್ಲಿ ಒಂದು. ‘ಏಕೆ’ ಎಂಬುದು ‘ಕಾರಣ’ದೊಳಗೇ ಇದೆ, ಇನ್ನು ಹೇಳಬೇಕಾದ್ದು ‘ಏನು’ ಎಂಬುದಷ್ಟೇ. ಇಲ್ಲಿ ಇಂಗ್ಲಿಷಿನ ‘ದಟ್’ ನಮ್ಮ ಏನೆಂದರೆ, ‘ಬಿಕಾಸ್’ ನಮ್ಮ ಏಕೆಂದರೆ. ಪ್ರೈಮರಿ ಶಾಲೆಯ ರಜಾ ಚೀಟಿ ನೆನಪಿಸಿಕೊಳ್ಳಿ. ‘ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂದು ಬರೆದೆವೇ ಹೊರತು ‘ಕೇಳಿಕೊಳ್ಳುವುದೇಕೆಂದರೆ’ ಎಂದು ಯಾರೂ ಬರೆಯಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರ ಹತ್ತಿರ ಈ ಪರೀಕ್ಷೆ ಆಗಲೇ ಇದೆ, ಇಂಗ್ಲಿಷ್ ಬರೆಯುವಾಗ ಅದನ್ನು ಬಳಸುವುದಿಲ್ಲ ಅಷ್ಟೆ.

ಹಾಗಾಗಿ ‘ದ ರೀಸನ್ ಈಸ್ ದಟ್ ದ ಬಸ್ ಬ್ರೋಕ್ ಡೌನ್’ ಎನ್ನಿ. ಒಂದೇ ಪದದ ಕಾರಣವಾದರೆ ‘ದಟ್’ ಕೂಡ ಬೇಡ, ‘ದ ರೀಸನ್ ವಾಸ್ ಟ್ರಾಫಿಕ್’ ಸಾಕು. ‘ಡ್ಯೂ ಟು ದ ಫ್ಯಾಕ್ಟ್ ದಟ್’ ಎಂಬ ಐದು ಪದಗಳ ಮೆರವಣಿಗೆಗೂ ‘ಬಿಕಾಸ್’ ಒಂದೇ ಸಾಕು.

ಇದು ಇಂಗ್ಲಿಷ್ ಬಲ್ಲವರೆಲ್ಲ ಒಪ್ಪಿದ ತಪ್ಪೇನಲ್ಲ. ಫೌಲರ್ 1926ರಲ್ಲಿ ತಂದ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಈ ಜೋಡಣೆಯನ್ನು ಆಕ್ಷೇಪಿಸಿದ್ದರು. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು, ಒಳ್ಳೆಯ ಲೇಖಕರೇ ಶತಮಾನಗಳಿಂದ ಹೀಗೆ ಬರೆದಿದ್ದಾರೆ, ಬಿಡಿ ಎನ್ನುತ್ತಾರೆ. ಮಾತಿನಲ್ಲಿ ನಾನೂ ಬಿಡುತ್ತೇನೆ. ಆದರೆ ನಮ್ಮ ಮೇಲ್ ಓದುವ ಎಚ್.ಆರ್. ಯಾರ ಪಕ್ಷವೋ ನಮಗೆ ಗೊತ್ತಿರುವುದಿಲ್ಲವಲ್ಲ!

ನನ್ನ ರೂಮ್‌ಮೇಟ್ ಪಾವಗಡ ಕಡೆಯವನು. ಪಿಯುಸಿ ಆದ ಮೇಲೆ ಅವನದು ಒಂದು ವರ್ಷ ಗ್ಯಾಪ್. ಕಂಪನಿಯೊಂದರ ಅರ್ಜಿಯಲ್ಲಿ ಅದಕ್ಕೆ ವಿವರಣೆ ಕೇಳಿದ್ದರು. ಅವನು ಬರೆದದ್ದು: ‘ದ ರೀಸನ್ ಫಾರ್ ಮೈ ಗ್ಯಾಪ್ ಈಸ್ ಬಿಕಾಸ್ ಡ್ಯೂ ಟು ಮೈ ಫಾದರ್ಸ್ ಇಲ್‌ನೆಸ್.’ ಒಂದು ಕಾಯಿಲೆಗೆ ಮೂರು ಕಾರಣಸೂಚಕಗಳು. ಅವುಗಳಲ್ಲಿ ಎರಡನ್ನು ತೆಗೆದಾಗ ವಾಕ್ಯ ತೀರಾ ಚಿಕ್ಕದಾಯಿತು. ಆ ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅಪ್ಪನ ಕಿರಾಣಿ ಅಂಗಡಿಯನ್ನು ಒಬ್ಬನೇ ನಡೆಸಿದ್ದನಂತೆ. ಎರಡು ವರ್ಷ ಜೊತೆಗಿದ್ದೂ ನನಗೆ ಗೊತ್ತಿರಲಿಲ್ಲ.

‘ಅದನ್ನೆಲ್ಲ ಬರೀಬೇಕಾ ಮಗಾ?’ ಎಂದ.

ಕೊನೆಗೆ ಅರ್ಜಿಯಲ್ಲಿ ಹೋದದ್ದು ಇದು: ‘ಐ ಸ್ಟಾಪ್ಡ್ ಸ್ಟಡಿಯಿಂಗ್ ಫಾರ್ ಎ ಇಯರ್ ಬಿಕಾಸ್ ಮೈ ಫಾದರ್ ವಾಸ್ ಇಲ್ ಅಂಡ್ ಐ ಹ್ಯಾಡ್ ಟು ರನ್ ಅವರ್ ಶಾಪ್.’ ಉತ್ತರ ಇನ್ನೂ ಬಂದಿಲ್ಲ. ಅದೇ ವಾಕ್ಯವನ್ನು ಅವನು ಈಗ ರೆಸ್ಯೂಮೆಗೂ ಸೇರಿಸಿದ್ದಾನೆ.